ಐರಿಷ್ ಸಂಗೀತಕ್ಕೆ ಪಕ್ಕವಾದ್ಯ: ವಿಸಿಲ್‌ನಿಂದ ಬುಝೂಕಿವರೆಗೆ ನಾನು ನಡೆದ ದಾರಿ

“ಗಿಟಾರ್ ಸ್ವಲ್ಪ ಬರುತ್ತೆ. ಐರಿಷ್ ಸಂಗೀತಕ್ಕೆ ನಾಲ್ಕು ಕಾರ್ಡ್ ಗೊತ್ತಿದ್ರೆ ಸಾಕಲ್ವಾ?” (ಕಾರ್ಡ್ ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು.) ಡಬ್ಲಿನ್‌ಗೆ ಹೊಸದಾಗಿ ಬಂದ ನಮ್ಮ ಕನ್ನಡದವರು ಆಗಾಗ ಕೇಳುವ ಪ್ರಶ್ನೆ ಇದು. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಶುರು ಮಾಡಿದವಳು. ವಿಸಿಲ್ (ಕೊಳಲಿನಂಥ ಪುಟ್ಟ ವಾದ್ಯ), ಫಿಡಲ್ (ಇಲ್ಲಿಯವರ ವಯೊಲಿನ್), ಬೌರಾನ್ (ಚರ್ಮವಾದ್ಯ), ಗಿಟಾರ್ ಎಲ್ಲ ಸುತ್ತಿಕೊಂಡು, ಎರಡು ವರ್ಷಕ್ಕೂ ಜಾಸ್ತಿ ಸಮಯ ಕಳೆದು, ಈಗ ಬುಝೂಕಿ ಅನ್ನುವ ಎಂಟು ತಂತಿಯ ವಾದ್ಯ ಹಿಡಿದು ಸೆಷನ್‌ಗಳಲ್ಲಿ, ಅಂದರೆ ವಾದಕರು ಒಟ್ಟಿಗೆ ಕೂತು ನುಡಿಸುವ ಕೂಟಗಳಲ್ಲಿ, ಪಕ್ಕವಾದ್ಯ ನುಡಿಸುವ ಹಂತಕ್ಕೆ ಬಂದಿದ್ದೇನೆ. ಖರ್ಚು, ಕಾಯುವಿಕೆ, ಗೊಂದಲ ಎಲ್ಲವೂ ಆಯಿತು. ಹಿಂದೆ ಬರುವವರಿಗೆ ಅದು ಸ್ವಲ್ಪವಾದರೂ ಕಡಿಮೆಯಾಗಲಿ ಅಂತ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಾಕಾಗೋದಿಲ್ಲ. ಈ ಸಂಗೀತದಲ್ಲಿ ಪಕ್ಕವಾದ್ಯ ನುಡಿಸಬೇಕಾದರೆ ಮೊದಲು ಟ್ಯೂನ್ ನುಡಿಸಲು ಬರಬೇಕು. ಯಾಕೆ ಅನ್ನೋದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಐರಿಷ್ ಸಂಗೀತವನ್ನು ಸೆಲ್ಟಿಕ್ ಸಂಗೀತದ ಗುಂಪಿಗೆ ಸೇರಿಸುತ್ತಾರೆ. ಅದರಲ್ಲಿ ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟನಿ, ವೇಲ್ಸ್, ಕೆನಡಾದ ಕೇಪ್ ಬ್ರೆಟನ್ ಎಲ್ಲವೂ ಬರುತ್ತದೆ. ನನಗೆ ಗೊತ್ತಿರುವುದು ಐರ್ಲೆಂಡಿನದ್ದು ಮಾತ್ರ. ಹಾಗಾಗಿ ಅದರ ಬಗ್ಗೆಯಷ್ಟೇ ಹೇಳುತ್ತೇನೆ.

ನಾನು ಮೈಸೂರಿನವಳು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ವಯೊಲಿನ್ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಆಮೇಲೆ ಎಂಜಿನಿಯರಿಂಗ್, ಕೆಲಸ, ಮದುವೆ ಅಂತ ವಯೊಲಿನ್ ಪೆಟ್ಟಿಗೆ ಸೇರಿತು. ಡಬ್ಲಿನ್‌ಗೆ ಬಂದ ಮೇಲೆ ಆಫೀಸಿನವರು ಒಂದು ಸಂಜೆ ಸೆಷನ್‌ಗೆ ಕರೆದುಕೊಂಡು ಹೋದರು. ನಾನು ಕಛೇರಿ ಥರ ಇರುತ್ತೆ ಅಂದುಕೊಂಡಿದ್ದೆ. ಅಲ್ಲಿ ವೇದಿಕೆಯೇ ಇಲ್ಲ. ಒಂದು ಮೇಜಿನ ಸುತ್ತ ಎಂಟು ಹತ್ತು ಜನ ಒಬ್ಬರಿಗೊಬ್ಬರು ಮುಖಮಾಡಿ ಕೂತಿದ್ದಾರೆ, ಕೇಳುವವರ ಕಡೆಗೆ ಕೆಲವರ ಬೆನ್ನು. ಯಾರೋ ಒಬ್ಬರು ಶುರು ಮಾಡುತ್ತಾರೆ, ಗೊತ್ತಿರುವವರು ಸೇರಿಕೊಳ್ಳುತ್ತಾರೆ. ಒಂದು ಟ್ಯೂನ್ ಮೂರು ಸಲ ಬರುತ್ತದೆ. ನಿಲ್ಲಿಸದೆ ಇನ್ನೊಂದಕ್ಕೆ ಹಾರುತ್ತಾರೆ, ಆಮೇಲೆ ಮತ್ತೊಂದಕ್ಕೆ. ಮುಂದಿನದು ಯಾವುದು ಅಂತ ಯಾರೂ ಹೇಳುವುದಿಲ್ಲ. ಆದರೂ ಎಲ್ಲರೂ ಒಟ್ಟಿಗೆ ತಿರುಗುತ್ತಾರೆ. ಅವತ್ತು ಮನೆಗೆ ಬಂದು ನನಗೆ ನಿದ್ದೆಯೇ ಹತ್ತಲಿಲ್ಲ.

ಮಾರನೇ ವಾರವೇ ಕ್ಲಾಸು ಹುಡುಕಿದೆ. ಇಲ್ಲಿ ಈ ಸಂಗೀತವನ್ನು ಕಲಿಸುವ ದೊಡ್ಡ ಸಂಸ್ಥೆ ಕೋಲ್ತಸ್ ಕ್ಯೋಲ್ತೋರಿ ಏರನ್. 1951ರಲ್ಲಿ ಶುರುವಾದದ್ದು, ಕೇಂದ್ರ ಕಚೇರಿ ಡಬ್ಲಿನ್‌ನ ಮಂಕ್ಸ್‌ಟೌನ್‌ನಲ್ಲಿದೆ. ಊರೂರಿಗೆ ಶಾಖೆಗಳಿವೆ. ಹೊಸ ಟರ್ಮ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರು. ನಾನು ವಿಚಾರಿಸಿದ್ದು ಅಕ್ಟೋಬರ್ ಕೊನೆಯಲ್ಲಿ. ದೊಡ್ಡವರ ಫಿಡಲ್ ಕ್ಲಾಸು ಭರ್ತಿ, ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಅಂದರು. ಗಿಟಾರ್ ಕ್ಲಾಸು ಆ ವರ್ಷ ನಮ್ಮ ಕಡೆ ಇರಲಿಲ್ಲ. ಟಿನ್ ವಿಸಿಲ್‌ಗೆ ಮಾತ್ರ ಜಾಗ ಇತ್ತು. ಕಾಗದಪತ್ರ ಅಂತ ದೊಡ್ಡದೇನಿಲ್ಲ. ಸದಸ್ಯತ್ವದ ಫಾರ್ಮ್, ಫೀಸು, ಅಷ್ಟೇ. ನನಗೆ ಒಂದು ಟರ್ಮ್‌ಗೆ ನೂರೈವತ್ತು ಯೂರೋ ಆಸುಪಾಸು ಆಯಿತು. ಸೇರಬೇಕು ಅಂತಿರುವವರು ಆಗಸ್ಟ್‌ನಲ್ಲೇ ಇಮೇಲ್ ಹಾಕಿ.

ವಿಸಿಲ್ ಅಂದರೆ ಆರು ತೂತಿನ ಪುಟ್ಟ ಲೋಹದ ಕೊಳವೆ, ಬಾಯಿಗೆ ಪ್ಲಾಸ್ಟಿಕ್ ತುದಿ. ಹತ್ತು ಯೂರೋ ಒಳಗೆ ಹೊರಗೆ ಸಿಗುತ್ತದೆ. ಜೋರಾಗಿ ಊದಿದರೆ ಮೇಲಿನ ಸ್ಥಾಯಿ, ಮೆತ್ತಗೆ ಊದಿದರೆ ಕೆಳಗಿನದು. ಪಕ್ಕವಾದ್ಯ ಕಲಿಯಬೇಕು ಅಂತ ಹೋದವಳಿಗೆ ಮಕ್ಕಳ ಆಟಿಕೆ ಕೈಗೆ ಕೊಟ್ಟರಲ್ಲ ಅಂತ ಮೊದಲ ವಾರ ಬೇಜಾರಾಗಿತ್ತು. ಈಗ ಕೇಳಿದರೆ ನನ್ನ ಕಲಿಕೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಹತ್ತು ಯೂರೋ.

ಕಲಿಸುವ ಕ್ರಮ ನಮಗೆ ಹೊಸದಲ್ಲ. ಮೇಷ್ಟ್ರು ಒಂದು ತುಣುಕು ನುಡಿಸುತ್ತಾರೆ, ನಾವು ಒಪ್ಪಿಸುತ್ತೇವೆ. ಇನ್ನೊಂದು ತುಣುಕು. ಎರಡನ್ನೂ ಸೇರಿಸಿ ಇನ್ನೊಮ್ಮೆ. ಕೊನೆಯಲ್ಲಿ ಅವರು ಇಡೀ ಟ್ಯೂನ್ ನಿಧಾನವಾಗಿ ಒಮ್ಮೆ, ವೇಗವಾಗಿ ಒಮ್ಮೆ ನುಡಿಸುತ್ತಾರೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಅಭ್ಯಾಸ. ಪುಸ್ತಕ ಎದುರಿಗೆ ಇಟ್ಟುಕೊಳ್ಳುವಂತಿಲ್ಲ. ಪುಸ್ತಕಗಳೇನೋ ಬೇಕಾದಷ್ಟಿವೆ. ಷಿಕಾಗೋದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓ’ನೀಲ್ 1903ರಲ್ಲೇ 1850 ಟ್ಯೂನ್‌ಗಳ ಸಂಗ್ರಹ ಹೊರತಂದರು. ನಮ್ಮ ಮೇಷ್ಟ್ರ ಮನೆಯಲ್ಲೂ ಅದು ಇತ್ತು. ಆದರೆ ಟ್ಯೂನ್ ಮರೆತುಹೋದಾಗ ನೋಡಿಕೊಳ್ಳಲು ಮಾತ್ರ, ಕಲಿಯುವಾಗ ಬೇಡ ಅನ್ನುತ್ತಿದ್ದರು. ನಮ್ಮ ಸರಿಗಮದ ಹಾಗೆ ಅಕ್ಷರದಲ್ಲೇ ಟ್ಯೂನ್ ಬರೆಯುವ ಎಬಿಸಿ ಅನ್ನುವ ಪದ್ಧತಿಯೂ ಇದೆ. ಐದು ಗೆರೆಗಳ ಮೇಲೆ ಬರೆಯುವ ಸ್ಟಾಫ್ ನೊಟೇಶನ್ ಓದಲು ಬಾರದ ನಮ್ಮಂಥವರಿಗೆ ಅದು ಸುಲಭ, ಒಂದು ವಾರದಲ್ಲಿ ಓದಲು ಬಂದುಬಿಡುತ್ತದೆ.

ಟ್ಯೂನ್‌ಗಳ ಅಳತೆ ಹೆಚ್ಚುಕಮ್ಮಿ ಒಂದೇ. ಬಾರ್ ಅಂದರೆ ನಮ್ಮ ಆವರ್ತದ ಹಾಗೆ ತಾಳದ ಒಂದು ಸುತ್ತು. ಎಂಟು ಬಾರ್‌ನ ಮೊದಲ ಭಾಗ ಎರಡು ಸಲ, ಎಂಟು ಬಾರ್‌ನ ಎರಡನೇ ಭಾಗ ಎರಡು ಸಲ, ಒಟ್ಟು 32. ಹೆಚ್ಚಿನವು ಕುಣಿತಕ್ಕೆ ಹುಟ್ಟಿದವು, ಹಾಗಾಗಿ ಹೆಜ್ಜೆ ತಪ್ಪುವಂತಿಲ್ಲ. ಜಿಗ್ ಅಂದರೆ ಬಾರ್‌ಗೆ ಎರಡು ತಕಿಟ. ಸ್ಲಿಪ್ ಜಿಗ್ ಅಂದರೆ ಮೂರು ತಕಿಟ. ರೀಲ್ ಅಂದರೆ ಎರಡು ತಕಧಿಮಿ. ಕಾರ್ಕ್, ಕೆರಿ ಕೌಂಟಿಗಳ ಗಡಿಯ ಸ್ಲೀವ್ ಲೂಕ್ರ ಕಡೆ ಪೋಲ್ಕಾ, ಸ್ಲೈಡ್ ಅನ್ನುವ ಬೇರೆ ಕುಣಿತದ ಟ್ಯೂನ್‌ಗಳು ಜಾಸ್ತಿ. ಇಷ್ಟು ಕೇಳಿ ನನಗೆ ತಾಳ ಸುಲಭ ಅನ್ನಿಸಿತ್ತು. ಆದರೆ ನಮ್ಮ ತಕಿಟದಲ್ಲಿ ಮೂರು ಅಕ್ಷರಕ್ಕೂ ಒಂದೇ ಅಳತೆ. ಜಿಗ್‌ನಲ್ಲಿ ಮೊದಲನೆಯದು ಸ್ವಲ್ಪ ಉದ್ದ, ನಡುವಿನದು ಗಿಡ್ಡ. ತಾ-ಕಿಟ ಅನ್ನಬೇಕು. ಎಷ್ಟು ಉದ್ದ ಅಂತ ಯಾರೂ ಹೇಳಿಕೊಡಲು ಆಗುವುದಿಲ್ಲ. ಆಫೀಸಿಗೆ ಹೋಗುವಾಗ ಬರುವಾಗ ಟ್ರ್ಯಾಮ್‌ನಲ್ಲಿ ಒಂದೇ ಜಿಗ್ ಕೇಳುತ್ತಾ, ತೊಡೆಯ ಮೇಲೆ ತಟ್ಟುತ್ತಾ, ಚಳಿಗಾಲ ಕಳೆಯುವ ಹೊತ್ತಿಗೆ ಅದು ಮೈಗೆ ಹತ್ತಿತು.

ಈ ನಡುವೆ ಅಪಾರ್ಟ್‌ಮೆಂಟಿನ ಕೆಳಮನೆಯವರು ದೂರು ಕೊಟ್ಟರು. ವಿಸಿಲ್‌ನ ಮೇಲಿನ ಸ್ಥಾಯಿ ಗೋಡೆ ತೂರಿಕೊಂಡು ಹೋಗುತ್ತದೆ. ಅವರ ಮನೆಯಲ್ಲಿ ಕೂಸು ಇತ್ತು, ತಪ್ಪು ಹೇಳುವಂತಿಲ್ಲ. ವಿಸಿಲ್‌ನ ಬಾಯಿಯ ಕೆಳಗಿನ ಕಿಂಡಿಗೆ ಒಂದು ಚೂರು ಅಂಟುಪಟ್ಟಿ ಅರ್ಧ ಮುಚ್ಚುವಂತೆ ಹಚ್ಚಿದರೆ ಸದ್ದು ತುಂಬ ಇಳಿಯುತ್ತದೆ, ಬೆರಳಿನ ಅಭ್ಯಾಸಕ್ಕೆ ಅಷ್ಟು ಸಾಕು. ಬಾಡಿಗೆ ಮನೆಯಲ್ಲಿ ಇರುವವರು ಇದನ್ನು ನೆನಪಿಟ್ಟುಕೊಳ್ಳಿ.

ಫಿಡಲ್ ಕ್ಲಾಸಿನಲ್ಲಿ ಜಾಗ ಸಿಕ್ಕಿದ್ದು ಮುಂದಿನ ವರ್ಷ. ಊರಿಗೆ ಹೋದಾಗ ವಯೊಲಿನ್ ತಂದೆ. ಫಿಡಲ್, ವಯೊಲಿನ್ ಎರಡೂ ಒಂದೇ ವಾದ್ಯ, ಆದರೆ ನನಗೆ ಬಹಳ ಕಷ್ಟವಾದದ್ದು ಇದೇ. ನಮ್ಮದು ಸ-ಪ-ಸ-ಪ ಶ್ರುತಿ, ಇಲ್ಲಿಯದು ಪಾಶ್ಚಾತ್ಯ ಸ್ವರಗಳಾದ ಜಿ-ಡಿ-ಎ-ಇ. ನೆಲದ ಮೇಲೆ ಕೂತು, ವಾದ್ಯದ ತುದಿಯನ್ನು ಪಾದದ ಮೇಲೆ ಇಟ್ಟು ನುಡಿಸಿದ ಕೈ ನನ್ನದು. ಇಲ್ಲಿ ಕುರ್ಚಿಯ ಮೇಲೆ ಕೂತು ಗದ್ದದ ಕೆಳಗೆ ಹಿಡಿಯಬೇಕು. ಕುತ್ತಿಗೆ ನೋವಿಗೆ ಫಿಸಿಯೋ ಹತ್ತಿರ ಹೋಗಬೇಕಾಯಿತು, ಅದಕ್ಕೂ ಒಂದಿಷ್ಟು ದುಡ್ಡು. ಅದಕ್ಕಿಂತ ದೊಡ್ಡ ತೊಡಕು ಗಮಕ. ನನ್ನ ಬೆರಳು ತಾನಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಿತ್ತು. ಇಲ್ಲಿ ಜಾರುವುದು ಅಪರೂಪಕ್ಕೆ. ಅಲಂಕಾರ ಬೇರೆ ಥರ ಇದೆ. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಮೇಲಿನ ಬೆರಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿ ತೆಗೆಯಬೇಕು. ಅದಕ್ಕೆ ಕಟ್ ಅನ್ನುತ್ತಾರೆ. ಮೇಲೊಂದು ಕೆಳಗೊಂದು ಸೇರಿಸಿ ಉದ್ದದ ಸ್ವರವನ್ನು ಮುರಿದರೆ ರೋಲ್. ಅಲ್ಲಿ ಯಾವ ಸ್ವರ ಮುಟ್ಟಿದೆ ಅಂತ ಕೇಳಿಸಲೇಬಾರದು, ತಾಳದ ಒಂದು ಚಿಟಿಕೆಯಷ್ಟೇ ಕೇಳಿಸಬೇಕು. ಮೇಷ್ಟ್ರು ನನ್ನ ಕೈ ನೋಡಿ, “ನಿಮ್ಮ ಬೆರಳಿಗೆ ಹಾಡಲು ಬರುತ್ತೆ, ಇನ್ನು ಕುಣಿಯಲು ಕಲಿಸಿ” ಅಂದರು. ಆ ಮಾತು ಹಿಡಿದುಕೊಂಡೇ ನಾನು ಇಷ್ಟು ದೂರ ಬಂದೆ.

ಒಂದು ಭಾನುವಾರ ಅಮ್ಮನಿಗೆ ಫೋನಿನಲ್ಲಿ ಕೂಲೀಸ್ ಅನ್ನುವ ರೀಲ್ ನುಡಿಸಿ ತೋರಿಸಿದೆ. ಸೆಷನ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವ ರೀಲ್ ಅದು. ಅಮ್ಮ ಕೇಳಿ, “ಏನೇ ಇದು, ಖರಹರಪ್ರಿಯ ಇದ್ದ ಹಾಗಿದೆಯಲ್ಲಾ?” ಅಂದರು. ನನಗೆ ಥಟ್ಟನೆ ಹೊಳೆಯಿತು. ಇವರು ಇ ಡೋರಿಯನ್ ಅನ್ನುವುದು ‘ಇ’ಯನ್ನು ಸ ಮಾಡಿಕೊಂಡ ಖರಹರಪ್ರಿಯದ ಸ್ವರಗಳೇ. ಅವತ್ತಿನಿಂದ ಪ್ರತಿ ಟ್ಯೂನಿಗೂ ಮೊದಲು ಸ ಎಲ್ಲಿದೆ ಅಂತ ಹುಡುಕತೊಡಗಿದೆ. ಮೇಜರ್ ಅಂದರೆ ಶಂಕರಾಭರಣ. ಮಿಕ್ಸೋಲಿಡಿಯನ್ ಅಂದರೆ ಹರಿಕಾಂಭೋಜಿ. ಇಯೋಲಿಯನ್ ಅಂದರೆ ನಟಭೈರವಿ. ಐರಿಷ್ ಕುಣಿತದ ಟ್ಯೂನ್‌ಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲೇ ಬರುತ್ತವೆ. ರಾಗ ಅಂತ ಹೇಳುವ ಹಾಗಿಲ್ಲ, ಬರೀ ಸ್ವರಗಳ ಹೊಂದಿಕೆ. ಆದರೆ ಪಕ್ಕವಾದ್ಯದವರಿಗೆ ಬೇಕಾಗಿರುವುದು ಅದೇ. ನಮ್ಮಲ್ಲಿ ಸಂಗೀತ ಕಲಿತವರಿಗೆ ಈ ಬಾಗಿಲು ಮೊದಲೇ ತೆರೆದಿದೆ ಅನ್ನುವುದು ಖುಷಿಯ ವಿಷಯ. ದೀಕ್ಷಿತರು ಮದ್ರಾಸಿನ ಕಡೆ ಕೇಳಿದ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿ ನೊಟ್ಟುಸ್ವರ ಮಾಡಿದರಲ್ಲ, ಅವನ್ನು ಚಿಕ್ಕವಳಿದ್ದಾಗ ನುಡಿಸಿದ ನೆನಪು ಈ ಸಮಯದಲ್ಲಿ ಬಹಳ ಧೈರ್ಯ ಕೊಟ್ಟಿತು.

ಬೌರಾನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆಡಿನ ಚರ್ಮದ ಬಳೆಯಾಕಾರದ ವಾದ್ಯ. ಬಲಗೈಯಲ್ಲಿ ಕಿಪೀನ್ ಅಥವಾ ಟಿಪ್ಪರ್ ಅನ್ನುವ ಪುಟ್ಟ ಕೋಲು, ಎಡಗೈ ಒಳಗಿನಿಂದ ಚರ್ಮವನ್ನು ಒತ್ತಿ ಸ್ವರ ಏರಿಸಿ ಇಳಿಸುತ್ತದೆ. 1960ರ ದಶಕದಲ್ಲಿ ಐರಿಷ್ ಸಂಗೀತ ಸಂಯೋಜಕ ಶಾನ್ ಓ ರಿಅಡಾ ತಮ್ಮ ಮೇಳದಲ್ಲಿ ಬಳಸಿದ ಮೇಲೆ ಇದಕ್ಕೆ ಮರ್ಯಾದೆ ಬಂತು. ಪ್ರವಾಸಿಗರ ಅಂಗಡಿಯಲ್ಲಿ ನಲವತ್ತು ಯೂರೋಗೆ ಸಿಗುವುದನ್ನು ತಗೋಬೇಡಿ, ಅದು ಗೋಡೆಗೆ ನೇತುಹಾಕಲು ಸರಿ. ಬಿಗಿ ಸಡಿಲ ಮಾಡಲು ಬರುವಂಥದ್ದು ನೂರೈವತ್ತರಿಂದ ಮೇಲೆ. ಇಲ್ಲಿಯ ಮಳೆಗೆ ಚರ್ಮ ಸಡಿಲವಾಗುತ್ತದೆ, ಹೀಟರ್ ಹಾಕಿದ ಕೋಣೆಯಲ್ಲಿ ಬಿಗಿದು ಟಣ್ ಅನ್ನುತ್ತದೆ. ಆಗ ಖಂಜಿರಕ್ಕೆ ಮಾಡುವಂತೆ ಒಳಭಾಗಕ್ಕೆ ಎರಡು ಹನಿ ನೀರು ಸವರುತ್ತಾರೆ. ನನಗೆ ಈ ವಾದ್ಯ ಕೈಗೆ ಕೂರಲಿಲ್ಲ. ಒಂದು ಸೆಷನ್‌ನಲ್ಲಿ ಒಂದೇ ಬೌರಾನ್ ಇರಬೇಕು ಅನ್ನುವುದು ಅಲಿಖಿತ ನಿಯಮ, ಮತ್ತು ನಾನು ಹೋಗುವ ಕಡೆ ನನಗಿಂತ ಎಷ್ಟೋ ಚೆನ್ನಾಗಿ ನುಡಿಸುವವರು ಇದ್ದರು.

ಇನ್ನು ತಂತಿವಾದ್ಯ. ಈ ಸಂಗೀತಕ್ಕೆ ಕಾರ್ಡ್ ನುಡಿಸುವ ಪಕ್ಕವಾದ್ಯ ಸೇರಿದ್ದು ಇತ್ತೀಚೆಗೆ. ಹಿಂದೆ ಒಬ್ಬರೇ ನುಡಿಸುತ್ತಿದ್ದರು, ಅಥವಾ ಎಲ್ಲರೂ ಸೇರಿ ಅದೇ ಟ್ಯೂನನ್ನು ನುಡಿಸುತ್ತಿದ್ದರು. ಸ್ಲೈಗೋದ ಫಿಡಲ್ ವಾದಕ ಮೈಕೆಲ್ ಕೋಲ್ಮನ್ 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ರೆಕಾರ್ಡ್‌ಗಳನ್ನು ಮೇಷ್ಟ್ರು ಕೇಳಿಸಿದರು. ಫಿಡಲ್ ಅದ್ಭುತ. ಹಿಂದಿನ ಪಿಯಾನೋ ಕೆಲವು ಕಡೆ ಟ್ಯೂನ್ ಒಂದು ದಾರಿ, ತಾನೊಂದು ದಾರಿ. “ಅವರಿಗೆ ಪಿಯಾನೋ ಬರುತ್ತಿತ್ತು, ಟ್ಯೂನ್ ಬರುತ್ತಿರಲಿಲ್ಲ. ನೀವು ಹೀಗೆ ಮಾಡಬಾರದು” ಅಂದರು. ಪಕ್ಕವಾದ್ಯದ ನನ್ನ ಮೊದಲ ಪಾಠ ಅದು.

ಗಿಟಾರ್‌ನಲ್ಲಿ ಸಾಮಾನ್ಯ ಶ್ರುತಿ ಬಿಟ್ಟು ಡಿ-ಎ-ಡಿ-ಜಿ-ಎ-ಡಿ ಶ್ರುತಿಗೆ ಬದಲಾಯಿಸಿಕೊಂಡೆ. ಬಾಥಿ ಬ್ಯಾಂಡ್ ಅನ್ನುವ ಐರಿಷ್ ತಂಡದ ಗಿಟಾರ್ ವಾದಕ ಮೀಹಾಲ್ ಓ ಡೋನಲ್ 1970ರ ದಶಕದಲ್ಲಿ ಈ ಶ್ರುತಿಯನ್ನು ಐರಿಷ್ ಸಂಗೀತದಲ್ಲಿ ಮನೆಮಾತು ಮಾಡಿದರು. ಡಿ ಸ ಆದರೆ ಬಿಡಿ ತಂತಿಗಳು ಸ-ಪ-ಸ-ಮ-ಪ-ಸ. ಗಾಂಧಾರವೇ ಇಲ್ಲ! ಹಾಗಾಗಿ ಶಂಕರಾಭರಣಕ್ಕೂ ಖರಹರಪ್ರಿಯಕ್ಕೂ ಒಂದೇ ಕೈ ನಡೆಯುತ್ತದೆ, ಗಾಂಧಾರವನ್ನು ಟ್ಯೂನ್ ನುಡಿಸುವವರಿಗೆ ಬಿಟ್ಟುಕೊಡಬಹುದು. ಮೊದಲ ಸಲ ಆರೂ ತಂತಿ ಮೀಟಿದಾಗ ತಂಬೂರಿ ಕೇಳಿದ ಹಾಗಾಗಿ ಕಣ್ಣು ತುಂಬಿ ಬಂತು.

ಬುಝೂಕಿ ಗ್ರೀಸ್ ಕಡೆಯದು. 1960ರ ದಶಕದ ನಡುವಿನಲ್ಲಿ ಐರಿಷ್ ವಾದಕ ಜಾನಿ ಮೊಯ್ನಿಹಾನ್ ಇದನ್ನು ಐರಿಷ್ ಸಂಗೀತಕ್ಕೆ ತಂದರು. ಆಮೇಲೆ ಆಂಡಿ ಅರ್ವಿನ್, ಡೋನಲ್ ಲನ್ನಿ ಬೆಳೆಸಿದರು. ಗ್ರೀಕರದ್ದಕ್ಕೆ ಬೆನ್ನು ಗುಂಡಗೆ, ಇಲ್ಲಿಯದಕ್ಕೆ ಚಪ್ಪಟೆ. ಎಂಟು ತಂತಿ ನಾಲ್ಕು ಜೋಡಿಯಾಗಿ, ಸಾಮಾನ್ಯವಾಗಿ ಜಿ-ಡಿ-ಎ-ಡಿ ಶ್ರುತಿ, ಅಂದರೆ ಮ-ಸ-ಪ-ಸ. ಗಿಟಾರ್‌ನ ದಪ್ಪ ಸದ್ದು ಇದಕ್ಕಿಲ್ಲ. ಮೀಟಿದರೆ ಗೆಜ್ಜೆಯ ಹಾಗೆ ತುದಿಯಲ್ಲಿ ಮಿಣಮಿಣ ಅನ್ನುತ್ತದೆ, ಫಿಡಲನ್ನು ಮುಚ್ಚಿಹಾಕುವುದಿಲ್ಲ. ಇದೇ ನನ್ನ ವಾದ್ಯ ಅಂತ ತೀರ್ಮಾನಿಸಿದೆ.

ಕೊಳ್ಳುವ ಕಥೆ ಮಾತ್ರ ಉದ್ದ. ಡಬ್ಲಿನ್‌ನಲ್ಲಿ ಹೊಸದಕ್ಕೆ ಬೆಲೆ ಜಾಸ್ತಿ ಅನ್ನಿಸಿ ಇಂಗ್ಲೆಂಡಿನ ಒಬ್ಬರಿಂದ ಸೆಕೆಂಡ್‌ಹ್ಯಾಂಡ್ ಒಂದನ್ನು ನಾನೂರೈವತ್ತು ಪೌಂಡ್‌ಗೆ ಮಾತಾಡಿಕೊಂಡೆ. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್‌ನಿಂದ ಬರುವುದು ಹೊರದೇಶದ ಸರಕು. ಕೊರಿಯರ್ ಕಂಪನಿಯಿಂದ ಮೆಸೇಜ್ ಬಂತು: ಸುಂಕ ಬಾಕಿ, ಪೆಟ್ಟಿಗೆ ಗೋದಾಮಿನಲ್ಲಿದೆ. ವಾದ್ಯದ ಬೆಲೆ ಮತ್ತು ಸಾಗಣೆ ಎರಡೂ ಸೇರಿ ಅದರ ಮೇಲೆ 23% ವ್ಯಾಟ್, ಮೇಲೆ ಸ್ವಲ್ಪ ಆಮದು ಸುಂಕ, ಅದರ ಮೇಲೆ ಕೊರಿಯರ್‌ನವರ ಕೈಚಾರ್ಜು. ಇನ್‌ವಾಯ್ಸ್ ಕಳಿಸಿ ಅಂದರು. ಮಾರಿದವರು ಅಂಗಡಿಯವರಲ್ಲ, ಇನ್‌ವಾಯ್ಸ್ ಎಲ್ಲಿಂದ ತರಲಿ? ಜಾಹೀರಾತಿನ ಪ್ರಿಂಟು, ಬ್ಯಾಂಕಿನಿಂದ ಹಣ ಹೋದ ದಾಖಲೆ, ಮಾರಿದವರಿಂದ ಬರೆಸಿಕೊಂಡ ಚೀಟಿ ಎಲ್ಲ ಕಳಿಸಿದೆ. ಒಬ್ಬರು ಸಾಕು ಅಂದರೆ ಇನ್ನೊಬ್ಬರು ಮತ್ತೆ ಅದೇ ಕೇಳಿದರು. ವಾರಗಟ್ಟಲೆ ಚಳಿ ಗೋದಾಮಿನಲ್ಲಿ ಮರದ ವಾದ್ಯ ಬಿದ್ದಿದೆಯಲ್ಲ ಅಂತ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಕೈಗೆ ಬಂದಾಗ ಹೊಸದಕ್ಕೂ ಇದಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಉಳಿದಿರಲಿಲ್ಲ. ಬ್ರಿಟನ್‌ನಿಂದ ತರಿಸುವವರು ವ್ಯಾಟ್ ಸೇರಿಸಿಯೇ ಲೆಕ್ಕ ಹಾಕಿ, ಚೀಟಿಯನ್ನು ಮೊದಲೇ ಬರೆಸಿಟ್ಟುಕೊಳ್ಳಿ.

ಇನ್ನೊಂದು ಚಿಂತೆಯೂ ಇತ್ತು. ವಾದ್ಯದ ಬೆನ್ನು ನಮ್ಮ ಬೀಟೆ ಮರ. ಮಲೆನಾಡು, ಕೊಡಗಿನ ಕಾಡಿನ ಬೀಟೆಯ ಜಾತಿಯೇ ಇಲ್ಲಿ ಇಂಡಿಯನ್ ರೋಸ್‌ವುಡ್ ಹೆಸರಿನಲ್ಲಿ ಎಷ್ಟೋ ಗಿಟಾರ್‌ಗಳಲ್ಲಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲಿ 2017ರಿಂದ ಈ ಮರವೂ ಸೇರಿದ್ದರಿಂದ ಪರವಾನಗಿ ಕೇಳುತ್ತಾರೇನೋ ಅಂತ ಹೆದರಿದ್ದೆ. ವಿಚಾರಿಸಿದಾಗ ಪೂರ್ತಿ ತಯಾರಾಗಿರುವ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಇದೆ ಅಂತ ಗೊತ್ತಾಯಿತು. ಬ್ರೆಜಿಲಿನ ರೋಸ್‌ವುಡ್ ಇರುವ ಹಳೆಯ ವಾದ್ಯಕ್ಕೆ ಮಾತ್ರ ಈ ವಿನಾಯಿತಿ ಇಲ್ಲ. ಹಳೆಯದನ್ನು ಕೊಳ್ಳುವವರು ಮರ ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಬುಝೂಕಿ ಕೈಗೆ ಬಂದ ಮೇಲಿನ ಬೇಸಿಗೆಯಲ್ಲಿ ಮಿಲ್ಟೌನ್ ಮಾಲ್ಬೇಗೆ ಹೋದೆ. ಕ್ಲೇರ್ ಕೌಂಟಿಯ ಪಶ್ಚಿಮ ಕರಾವಳಿಯ ಪುಟ್ಟ ಊರು. ಅಲ್ಲಿಯ ಇಲ್ಲನ್ ಪೈಪ್ಸ್ (ತಿದಿಯಿಂದ ಗಾಳಿ ತುಂಬಿ ನುಡಿಸುವ ಐರಿಷ್ ವಾದ್ಯ) ವಾದಕ ವಿಲ್ಲಿ ಕ್ಲಾನ್ಸಿ 1973ರ ಆರಂಭದಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಹೆಸರಿನಲ್ಲಿ ಶುರುವಾದ ಬೇಸಿಗೆ ಶಾಲೆ ಪ್ರತಿ ಜುಲೈ ಮೊದಲ ವಾರ ನಡೆಯುತ್ತದೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಉಪನ್ಯಾಸ, ವಾದನ, ರಾತ್ರಿ ಕುಣಿತ, ಮತ್ತೆ ಊರಿನ ಪಬ್, ಅಡುಗೆಮನೆ, ಫುಟ್‌ಪಾತ್ ಎಲ್ಲ ಕಡೆ ಸೆಷನ್. ನಾನು ವಿಸಿಲ್ ಕ್ಲಾಸಿಗೇ ಹೆಸರು ಕೊಟ್ಟೆ. ಪಕ್ಕವಾದ್ಯಕ್ಕೆ ಬೇಕಾದ ಟ್ಯೂನ್‌ಗಳು ಅಲ್ಲೇ ಸಿಗುತ್ತವೆ ಅಂತ ಆ ಹೊತ್ತಿಗೆ ಮನವರಿಕೆಯಾಗಿತ್ತು.

ರೂಮ್ ಮಾತ್ರ ಸಿಗಲಿಲ್ಲ. ಜೂನ್‌ನಲ್ಲಿ ಹುಡುಕಿದರೆ ಊರೆಲ್ಲ ಭರ್ತಿ. ಮೂವತ್ತು ಕಿಲೋಮೀಟರ್ ಆಸುಪಾಸಿನ ಎನ್ನಿಸ್‌ನಲ್ಲಿ ಉಳಿದು ಬಸ್ಸಿನಲ್ಲಿ ಓಡಾಡಿದೆ. ರಾತ್ರಿಯ ಒಳ್ಳೆಯ ಸೆಷನ್ ಶುರುವಾಗುವ ಹೊತ್ತಿಗೆ ನಾನು ಬಸ್ಸಿಗೆ ಹೊರಡಬೇಕು. ಅಳು ಬರುವಷ್ಟು ಸಂಕಟವಾಗುತ್ತಿತ್ತು. ಹೋಗುವವರು ಹೊಸವರ್ಷ ಕಳೆದ ಕೂಡಲೇ ರೂಮ್ ಹಿಡಿಯಿರಿ, ಕ್ಲಾಸಿನ ಫೀಸು ಆಮೇಲೆ ಕಟ್ಟಿದರೂ ಆಗುತ್ತದೆ. ಸಸ್ಯಾಹಾರಿಗಳಿಗೆ ಸೂಪು, ಬ್ರೆಡ್ಡು, ಚಿಪ್ಸ್ ಸಿಗುತ್ತದೆ. ನಾನು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆ. ಪಬ್ ಅಂತ ಹಿಂಜರಿಯುವವರಿಗೆ ಒಂದು ಮಾತು: ಕುಡಿಯಲೇಬೇಕು ಅಂತ ಯಾರೂ ಒತ್ತಾಯಿಸುವುದಿಲ್ಲ, ಟೀ ಕೇಳಿದರೆ ಕೊಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋದರೆ ರಾತ್ರಿ 9ಕ್ಕೆ ಹೊರಡಬೇಕು, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ 10ರ ತನಕ ಬಿಡುತ್ತಾರೆ. ಕಾನೂನೇ ಹಾಗಿದೆ.

ಅಲ್ಲಿಂದ ಬಂದ ಮೇಲೆ ವಾರಕ್ಕೊಮ್ಮೆ ಸ್ಲೋ ಸೆಷನ್‌ಗೆ ಹೋಗತೊಡಗಿದೆ. ಕಲಿಯುವವರಿಗಾಗಿ ನಿಧಾನಗತಿಯಲ್ಲಿ ನಡೆಯುವ ಸೆಷನ್ ಇದು. ಕೂರುವ ಮೊದಲು ಕೇಳಿ ಕೂರಬೇಕು. ಆಗಲೇ ಒಬ್ಬರು ಗಿಟಾರ್ ಅಥವಾ ಬುಝೂಕಿ ನುಡಿಸುತ್ತಿದ್ದರೆ ನಮ್ಮದನ್ನು ಚೀಲದಿಂದ ತೆಗೆಯಬಾರದು. ಇಬ್ಬರು ಬೇರೆ ಬೇರೆ ಕಾರ್ಡ್ ಹಿಡಿದರೆ ಟ್ಯೂನ್ ಕೆಡುತ್ತದೆ. ಹಾಗಾಗಿ ಬಹಳ ದಿನ ವಿಸಿಲ್ ಹಿಡಿದೇ ಕೂರುತ್ತಿದ್ದೆ. ಅಲ್ಲಿಯ ಗಿಟಾರಿನವರು ಚಹಾಕ್ಕೆ ಎದ್ದಾಗ ಮಾತ್ರ ಬುಝೂಕಿ ಹೊರಗೆ ಬರುತ್ತಿತ್ತು.

ಇಲ್ಲಿ ನಾನು ಕಂಡುಕೊಂಡ ಕ್ರಮ ಹೇಳುತ್ತೇನೆ. ಟ್ಯೂನ್ ಮೂರು ಸಲ ಬರುತ್ತದಲ್ಲ, ಗೊತ್ತಿಲ್ಲದ ಟ್ಯೂನ್ ಆದರೆ ಮೊದಲ ಸಲ ತಂತಿಯನ್ನು ಅಂಗೈಯಿಂದ ಒತ್ತಿಹಿಡಿದು ಬರೀ ತಾಳ ಹಾಕಿ. ಅಷ್ಟರಲ್ಲಿ ಪ್ರತಿ ಭಾಗ ಎಲ್ಲಿಗೆ ಬಂದು ನಿಲ್ಲುತ್ತದೆ ಕೇಳಿ. ಬಹಳಷ್ಟು ಸಲ ಅದೇ ಸ. ಎರಡನೇ ಸಲ ಸ ಮತ್ತು ಪ ಮಾತ್ರ ಮೀಟಿ. ಮೂರನೇ ಸಲ ಕಾರ್ಡ್. ಮೇಜರ್ ಆದರೆ ಸ, ಮ, ಪ ಮೇಲೆ ನಿಂತ ಮೂರು ಕಾರ್ಡ್ ಸಾಕು. ಡೋರಿಯನ್, ಮಿಕ್ಸೋಲಿಡಿಯನ್ ಆದರೆ ಸ ಮತ್ತು ಅದರ ಕೆಳಗಿನ ನಿ, ಎರಡೇ. ಎ ಡೋರಿಯನ್ ಅಂದರೆ ಎ ಮೈನರ್ ಮತ್ತು ಜಿ. ಕೂಲೀಸ್‌ಗೆ ಇ ಮೈನರ್ ಮತ್ತು ಡಿ. ಟ್ಯೂನ್ ಬದಲಾಗುವ ಕಡೆ ಫಿಡಲ್‌ನವರ ಮುಖ ನೋಡಿ, ಹುಬ್ಬು ಏರುತ್ತದೆ, ಕೆಲವರು ‘ಹಪ್’ ಅನ್ನುತ್ತಾರೆ. ಆ ಕ್ಷಣ ಬಲಗೈ ತಾಳ ಬಿಡದೆ ಎಡಗೈ ತಂತಿಯಿಂದ ಎತ್ತಿ, ಹೊಸ ಸ ಸಿಕ್ಕಿದ ಮೇಲೆ ಇಳಿಸಿ.

ಕಳೆದ ತಿಂಗಳು ಮಾಮೂಲಿ ಸೆಷನ್‌ನಲ್ಲಿ ಗಿಟಾರಿನವರು ಬರಲಿಲ್ಲ. ಸೆಷನ್ ನಡೆಸುವ ಅಕಾರ್ಡಿಯನ್‌ನ ಹೆಂಗಸು ನನ್ನ ಕಡೆ ತಿರುಗಿ, “ಇವತ್ತು ನೀವೇ” ಅಂದರು. ಕೈ ತಣ್ಣಗಾಗಿತ್ತು. ಮೊದಲ ಸೆಟ್ ಜಿಗ್‌ಗಳು, ಕೆಶ್‌ನಿಂದ ಶುರು. ಅದು ನಾನು ವಿಸಿಲ್‌ನಲ್ಲಿ ಕಲಿತ ಮೊದಲ ಜಿಗ್. ಬಾಯಿಪಾಠ ಆಗಿದ್ದರಿಂದ ಟ್ಯೂನ್ ನನ್ನೊಳಗೇ ಓಡುತ್ತಿತ್ತು, ಬಲಗೈ ತಾನಾಗಿ ತಾ-ಕಿಟ ಹಿಡಿಯಿತು. ಎರಡನೇ ಭಾಗ ಮೇಲಕ್ಕೆ ಏರುತ್ತದೆ ಅಂತ ಗೊತ್ತಿತ್ತು, ಅದಕ್ಕೂ ಮುಂಚೆ ಕೈ ಸ್ವಲ್ಪ ತಗ್ಗಿಸಿ, ಏರುವಲ್ಲಿ ಪೂರ್ತಿ ಮೀಟಿದೆ. ಅಕಾರ್ಡಿಯನ್‌ನವರು ತಲೆಯೆತ್ತಿ ನೋಡಿ ನಕ್ಕರು. ನಡುವೆ ನನಗೆ ಗೊತ್ತಿಲ್ಲದ ರೀಲ್‌ಗಳೂ ಬಂದವು, ಅಲ್ಲಿ ಸ-ಪ ಹಿಡಿದು ನಿಂತೆ. ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಮುಂದಿನ ವಾರ ಆ ಕುರ್ಚಿಯಲ್ಲೇ ಕೂತ್ಕೊಳ್ಳಿ.” ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದಾಗ ಮೈಸೂರಿನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ.

ಹಣದ ಲೆಕ್ಕ ಕೇಳುವವರಿಗೆ: ವಿಸಿಲ್ ಮತ್ತು ಒಂದು ವರ್ಷದ ಕ್ಲಾಸು ಸೇರಿ ಐನೂರು ಯೂರೋ ಒಳಗೆ ಮುಗಿಯುತ್ತದೆ. ಪಕ್ಕವಾದ್ಯ ಆಮೇಲೆ ಕೊಳ್ಳಿ, ಮನೆಯಲ್ಲಿ ಗಿಟಾರ್ ಇದ್ದರೆ ಶ್ರುತಿ ಬದಲಾಯಿಸಿಕೊಂಡು ಅದರಲ್ಲೇ ಶುರು ಮಾಡಬಹುದು. ಕಾನ್ಸರ್ಟೀನಾ (ಗುಂಡಿ ಒತ್ತಿ ನುಡಿಸುವ ಪುಟ್ಟ ತಿದಿವಾದ್ಯ) ಮೇಲೆ ಮನಸ್ಸಿದ್ದರೆ ಕಲಿಯುವವರ ಮಟ್ಟದ್ದಕ್ಕೇ ಹಲವು ನೂರು ಯೂರೋ, ಒಳ್ಳೆಯದಕ್ಕೆ ಸಾವಿರಗಳು. ಇಲ್ಲನ್ ಪೈಪ್ಸ್ ಬೇಕು ಅನ್ನುವವರು ಡಬ್ಲಿನ್‌ನ ಹೆನ್ರಿಯೆಟ್ಟಾ ಸ್ಟ್ರೀಟ್‌ನಲ್ಲಿರುವ ನಾ ಪೀಬರಿ ಇಲ್ಲನ್‌ಗೆ ಹೋಗಿ ವಿಚಾರಿಸಿ. 1968ರಿಂದ ಇರುವ ಪೈಪ್ಸ್ ವಾದಕರ ಸಂಘ ಅದು. ಮಾಡಿಕೊಡುವವರ ಹತ್ತಿರ ವರ್ಷಗಟ್ಟಲೆ ಕಾಯಬೇಕಾಗಬಹುದು, ಹಾಗಾಗಿ ಕೊಳ್ಳುವ ಮುಂಚೆ ಸಂಘದವರ ಮಾತು ಕೇಳುವುದು ಒಳ್ಳೆಯದು. ಬೆಂಗಳೂರಿನಲ್ಲೇ ಕೂತು ಶುರು ಮಾಡುವವರು ವಿಸಿಲ್ ತರಿಸುವಾಗ ಡಿ ಶ್ರುತಿಯದ್ದೇ ಅಂತ ನೋಡಿ ತರಿಸಿ. ಸಿ ಶ್ರುತಿಯದ್ದೂ ಮಾರಾಟಕ್ಕಿದೆ, ಬೆಲೆಯೂ ಒಂದೇ, ಆದರೆ ಸೆಷನ್‌ನಲ್ಲಿ ಅದು ಬೇರೆಯವರ ಜೊತೆ ಸೇರುವುದಿಲ್ಲ.